ಕೂದಲು ಉದುರಿದ ಮಕ್ಕಳು ಮತ್ತು ಎಣ್ಣೆಯ ಹೆಸರು ಹೇಳುವ ನಾವು

ನಮ್ಮ ಪರಿಚಯದ ಮನೆಯೊಂದರಲ್ಲಿ ಹತ್ತನೇ ತರಗತಿಗೆ ಹೋಗುವ ಹುಡುಗನೊಬ್ಬ ರಮಝಾನ್ ಕಳೆದು ತಿಂಗಳಾದರೂ ತಲೆಯಿಂದ ಟೊಪ್ಪಿ ತೆಗೆಯಲಿಲ್ಲ. ಊಟಕ್ಕೆ ಕೂತಾಗಲೂ ಟೊಪ್ಪಿ, ಅಂಗಡಿಗೆ ಹೋಗುವಾಗಲೂ ಟೊಪ್ಪಿ, ರಾತ್ರಿ ಮಲಗಿದಾಗಲೂ ಟೊಪ್ಪಿ. ಮಸೀದಿಯ ಹಿರಿಯರು "ಮಕ್ಕಳಿದ್ದರೆ ಹೀಗಿರಬೇಕು" ಎಂದು ಅವನ ಬಾಪನ ಬೆನ್ನು ತಟ್ಟಿದರು. ಶಾಲೆಯಲ್ಲಿ ಬೇರೆಯೇ ಆಯಿತು. ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತಿದ್ದವನನ್ನು ಮೇಷ್ಟ್ರೊಬ್ಬರು ಮುಂದಕ್ಕೆ ಕರೆದು "ಧರ್ಮವನ್ನು ಮನೆಯಲ್ಲಿಟ್ಟು ಬಾ" ಎಂದರು. ಹುಡುಗ ತಲೆ ತಗ್ಗಿಸಿ ನಿಂತನೇ ಹೊರತು ಟೊಪ್ಪಿ ತೆಗೆಯಲಿಲ್ಲ. ಕೆಲವರು ಅವನನ್ನು ಹಠಮಾರಿ ಎಂದರು, ಇನ್ನು ಕೆಲವರು ಧೈರ್ಯವಂತ ಎಂದರು. ಇಬ್ಬರೂ ನೋಡಿದ್ದು ಟೊಪ್ಪಿಯನ್ನು. ಅದರ ಕೆಳಗೆ ಹತ್ತು ರೂಪಾಯಿ ನಾಣ್ಯದಷ್ಟಗಲದ ಎರಡು ಬೋಳು ಮಚ್ಚೆಗಳಿದ್ದವು.

ಅದನ್ನು ಮೊದಲು ಕಂಡದ್ದು ಕ್ಷೌರದಂಗಡಿಯವನು. ಕೂದಲು ಎತ್ತಿ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿ, ಅಂಗಡಿಯಲ್ಲಿ ಕೂತಿದ್ದವರಿಗೆಲ್ಲ ಕೇಳುವ ಹಾಗೆ "ಇಲ್ಲಿ ಹುಳ ತಿಂದಿದೆಯಲ್ಲ!" ಎಂದ. ಪತ್ರಿಕೆ ಓದುತ್ತಿದ್ದವರು ಪತ್ರಿಕೆ ಕೆಳಗಿಟ್ಟರು. ಹುಡುಗ ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿ ತಿಳಿದ ಮೇಲೆ ಶುರುವಾದದ್ದು ಚಿಕಿತ್ಸೆಯ ಮೆರವಣಿಗೆ. ಅಜ್ಜಿ ಬೆಳ್ಳುಳ್ಳಿ ಜಜ್ಜಿ ಉಜ್ಜಿದರು, ಚರ್ಮ ಸುಟ್ಟು ಬೊಬ್ಬೆ ಬಂತು. ಚಿಕ್ಕಮ್ಮ ಈರುಳ್ಳಿ ರಸ ಹಚ್ಚಿದರು. ಗಲ್ಫಿನಲ್ಲಿರುವ ಮಾವ ಒಂದು ಬಾಟಲಿ ಕಳಿಸಿದರು, ಅದರ ಬೆಲೆಯನ್ನು ಎಲ್ಲರ ಮುಂದೆ ಎರಡು ಸಲ ಹೇಳಿದರು. ಯಾರೋ ನೀರು ಮಂತ್ರಿಸಿ ಕೊಟ್ಟರು. ಇದನ್ನು ಬರೆಯುತ್ತಿರುವ ನಾವು ಏನು ಮಾಡಿದೆವು? ನಾವೂ ಒಂದು ಎಣ್ಣೆಯ ಹೆಸರು ಹೇಳಿ ಬಂದೆವು. ಸುಮ್ಮನಿದ್ದರೆ ಕಾಳಜಿ ಇಲ್ಲವೆಂದು ತಿಳಿದಾರು ಎಂಬ ಭಯ ನಮಗಿತ್ತು.

ಎಂಟು ತಿಂಗಳು ಹೀಗೆ ಕಳೆದ ಮೇಲೆ ಅವನ ಉಮ್ಮ ಯಾರನ್ನೂ ಕೇಳದೆ ಅವನನ್ನು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಐದು ನಿಮಿಷ ನೋಡಿದರು. ಇದಕ್ಕೆ ಅಲೊಪೇಸಿಯಾ ಏರಿಯೇಟಾ ಎನ್ನುತ್ತಾರೆ, ಹುಳವೂ ಇಲ್ಲ ಏನೂ ಇಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಕೂದಲಿನ ಬೇರಿನ ಮೇಲೆ ದಾಳಿ ಮಾಡುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಕೂದಲು ಮತ್ತೆ ಬರಬಹುದು, ಬಂದದ್ದು ಮತ್ತೆ ಹೋಗಲೂಬಹುದು ಎಂದು ಹೇಳಿದರು. ಹುಡುಗ ಒಂದೇ ಪ್ರಶ್ನೆ ಕೇಳಿದನಂತೆ: "ಸರ್, ಇದು ನಾನು ಮಾಡಿದ ತಪ್ಪಿನಿಂದ ಆದದ್ದಲ್ಲವಾ?"

ಎಲ್ಲಿಂದ ಬಂತು ಈ ಪ್ರಶ್ನೆ? ಊರಿನ ಬಸ್ ನಿಲ್ದಾಣದ ಗೋಡೆಗಳನ್ನು ನೋಡಿ. ಗುಪ್ತರೋಗ, ಕೆಟ್ಟ ಅಭ್ಯಾಸ, ನರದೌರ್ಬಲ್ಯ, ಕೂದಲು ಉದುರುವಿಕೆ ಎಲ್ಲವೂ ಒಂದೇ ಫಲಕದಲ್ಲಿ, ಒಂದೇ ಲಾಡ್ಜಿನ ಒಂದೇ ಕೋಣೆಯಲ್ಲಿ ಗುಣವಾಗುತ್ತವೆ. ಹಸ್ತಮೈಥುನದಿಂದ ಕೂದಲು ಉದುರುತ್ತದೆ ಎಂಬುದು ಶುದ್ಧ ಸುಳ್ಳು. ಆದರೆ ಹದಿನೈದು ವರ್ಷದ ಹುಡುಗನಿಗೆ ಅದು ಸುಳ್ಳೆಂದು ಹೇಳುವವರು ಮನೆಯಲ್ಲೂ ಇಲ್ಲ, ಶಾಲೆಯಲ್ಲೂ ಇಲ್ಲ, ಮದ್ರಸದಲ್ಲೂ ಇಲ್ಲ. ಹೇಳುವುದಕ್ಕೆ ನಮಗೆ ನಾಚಿಕೆ. ನಾವು ನಾಚಿಕೊಂಡು ಬಿಟ್ಟ ಜಾಗದಲ್ಲಿ ಲಾಡ್ಜಿನ ಡಾಕ್ಟರು ಅಂಗಡಿ ತೆರೆದಿದ್ದಾನೆ. ಎಂಟು ತಿಂಗಳು ಆ ಹುಡುಗ ಟೊಪ್ಪಿಯ ಕೆಳಗೆ ಮಚ್ಚೆಯನ್ನು ಮಾತ್ರವಲ್ಲ, ತಾನು ಪಾಪಿ ಎಂಬ ನಂಬಿಕೆಯನ್ನೂ ಮುಚ್ಚಿಟ್ಟುಕೊಂಡಿದ್ದ. ಅಜ್ಜಿಯ ಬೆಳ್ಳುಳ್ಳಿಯ ಉರಿಯನ್ನು ಅವನು ಶಿಕ್ಷೆಯೆಂದು ಸಹಿಸಿಕೊಂಡಿದ್ದನೆಂದು ಆಮೇಲೆ ತಿಳಿಯಿತು.

ಈ ಕಾಯಿಲೆ ಅಪರೂಪದ್ದೇನೂ ಅಲ್ಲ. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ಅವರಲ್ಲಿ ಬಹಳ ಮಂದಿಗೆ ಮೊದಲ ಮಚ್ಚೆ ಕಾಣಿಸಿಕೊಳ್ಳುವುದು ಇಪ್ಪತ್ತು ವರ್ಷ ತುಂಬುವ ಮೊದಲೇ. ಎಣ್ಣೆ ವ್ಯಾಪಾರದ ಗುಟ್ಟಿರುವುದು ಇದರ ಇನ್ನೊಂದು ಗುಣದಲ್ಲಿ. ಒಂದೆರಡು ಸಣ್ಣ ಮಚ್ಚೆಗಳಷ್ಟೇ ಇದ್ದರೆ ಏನೂ ಮಾಡದಿದ್ದರೂ ಬಹಳ ಮಂದಿಗೆ ವರ್ಷದೊಳಗೆ ಕೂದಲು ತಾನಾಗಿ ಬರುತ್ತದೆ. ಟೈಫಾಯ್ಡ್, ಡೆಂಗಿ, ಕೋವಿಡ್‌ನಂಥ ಜ್ವರಗಳ ನಂತರ ಉದುರುವ ಕೂದಲೂ ಹಾಗೆಯೇ. ಜ್ವರ ಬಿಟ್ಟು ಎರಡು ಮೂರು ತಿಂಗಳ ಮೇಲೆ ಬಾಚಣಿಗೆಯ ತುಂಬ ಕೂದಲು ಬಂದು ಮನೆಯವರು ಹೆದರುತ್ತಾರೆ, ಆರು ತಿಂಗಳು ಕಳೆಯುವಷ್ಟರಲ್ಲಿ ಅದು ಸಾಮಾನ್ಯವಾಗಿ ನಿಲ್ಲುತ್ತದೆ. ಆ ಆರು ತಿಂಗಳಲ್ಲಿ ಯಾವ ಬಾಟಲಿ ಕೈಯಲ್ಲಿತ್ತೋ ಅದಕ್ಕೆ ಕೀರ್ತಿ. ತಾನಾಗಿ ಬಂದ ಮಳೆಗೆ ಕಪ್ಪೆ ಮದುವೆ ಮಾಡಿಸಿದವನು ದಕ್ಷಿಣೆ ಕೇಳಿದ ಹಾಗೆ.

ಹಾಗೆಂದು ಎಲ್ಲವನ್ನೂ ಕಾದು ನೋಡಿ ಎಂದು ನಾವು ಹೇಳುತ್ತಿಲ್ಲ. ಚಿಕ್ಕ ಮಕ್ಕಳ ತಲೆಯಲ್ಲಿ ಹೊಟ್ಟು ಎದ್ದು ಕೂದಲು ಮುರಿದು ಹೋಗುವ ಶಿಲೀಂಧ್ರದ ಸೋಂಕು ನಿಜವಾಗಿಯೂ ಅಂಟುತ್ತದೆ, ಅದಕ್ಕೆ ಹೊಟ್ಟೆಗೆ ಮಾತ್ರೆ ಬೇಕು, ಎಣ್ಣೆಯಿಂದ ಹೋಗುವುದಿಲ್ಲ. ಹದಿಹರೆಯದಲ್ಲೇ ಹಣೆಯ ಮೇಲಿನ ಕೂದಲು ಹಿಂದೆ ಸರಿಯುವುದು ವಂಶದಿಂದ ಬರುವಂಥದು, ಅದರ ದಾರಿ ಬೇರೆ. ಪರೀಕ್ಷೆಯ ಹೆದರಿಕೆಯಲ್ಲೋ ಮನೆಯ ಜಗಳದಲ್ಲೋ ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುವ ಮಕ್ಕಳಿದ್ದಾರೆ, ಅವರಿಗೆ ಬೇಕಾದದ್ದು ಮನಸ್ಸಿನ ಡಾಕ್ಟರು. ಹೆಣ್ಣುಮಕ್ಕಳ ಎರಡು ಜಡೆಯನ್ನು ದಿನವೂ ಬಿಗಿದು ರಿಬ್ಬನ್ ಕಟ್ಟಿಸುವ ಶಾಲೆಗಳು, ವರ್ಷಗಟ್ಟಲೆ ಬಿಗಿದ ಕೂದಲು ಕಿವಿಯ ಮೇಲೆ ಬೇರುಸಮೇತ ಸಡಿಲವಾಗುತ್ತದೆ ಎಂಬುದನ್ನು ಎಂದಾದರೂ ಯೋಚಿಸಿವೆಯೇ? ಕಾರಣ ಇಷ್ಟು ಬಗೆಯದ್ದಾಗಿರುವಾಗ ಎಲ್ಲದಕ್ಕೂ ಒಂದೇ ಬಾಟಲಿ ತೋರಿಸುವವನು ಮೋಸಗಾರನಲ್ಲದೆ ಇನ್ನೇನು?

ಈ ಮೋಸವನ್ನು ತಡೆಯುವುದಕ್ಕೆ ಕಾನೂನು ಇಲ್ಲವೆಂದುಕೊಳ್ಳಬೇಡಿ. 1945ರ ಔಷಧ ಮತ್ತು ಪ್ರಸಾಧನ ನಿಯಮಗಳಿಗೆ 'ಜೆ' ಎಂಬ ಅನುಸೂಚಿ ಇದೆ. ಯಾವ ಯಾವ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದು ಎಂಬ ಪಟ್ಟಿ ಅದು. ಅದರಲ್ಲಿ ಏಡ್ಸ್, ಕ್ಯಾನ್ಸರ್‌ಗಳ ಜೊತೆ ಬೋಳುತಲೆಯೂ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ಹಾಗಾದರೆ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ದಿನವೂ ನೋಡುವುದೇನು? ಔಷಧವೆಂದು ಹೇಳದೆ ಎಣ್ಣೆಯೆಂದು ಮಾರಿದರಾಯಿತು. 'ಗುಣವಾಗುತ್ತದೆ' ಎನ್ನದೆ, ಬೋಳುತಲೆಯ ಒಂದು ಚಿತ್ರ, ತುಂಬುಕೂದಲಿನ ಒಂದು ಚಿತ್ರ ಪಕ್ಕಪಕ್ಕ ಹಾಕಿದರಾಯಿತು. ನೋಡುವ ಹುಡುಗನೇ ಮಿಕ್ಕದ್ದನ್ನು ತುಂಬಿಕೊಳ್ಳುತ್ತಾನೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಕೂದಲೆಣ್ಣೆ ಈಗ ದೇಶಕ್ಕೆಲ್ಲ ಗೊತ್ತು. ಬೇಟೆ ನಿಂತು, ಕಾಡು ಕೈತಪ್ಪಿ, ಗಿಡಮೂಲಿಕೆ ಮಾರುತ್ತ ಆಫ್ರಿಕಾದವರೆಗೂ ಹೋಗುವ ಜನ ಅವರು. 2023ರಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಓದುಗರು ಮರೆತಿರಲಾರರು. ಹೊಟ್ಟೆಪಾಡಿಗೆ ಎಣ್ಣೆ ಕಾಯಿಸುವವರ ಮೇಲೆ ನಮ್ಮ ಸಿಟ್ಟಿಲ್ಲ. ಸಿಟ್ಟಿರುವುದು, ತಲೆಗೆ ಕೃತಕ ಕೂದಲು ಕಟ್ಟಿಕೊಂಡು ಬಂದು ಯಾವುದೋ ಕಂಪನಿಯ ಎಣ್ಣೆಯಿಂದ ಕೂದಲು ಬಂತೆಂದು ಹೇಳಿ ಹಣ ಎಣಿಸುವ ತಾರೆಯರ ಮೇಲೆ. ಎಣ್ಣೆ ಹಚ್ಚಿದರೆ ಹೆಚ್ಚೆಂದರೆ ಹಣ ಹೋದೀತು ಎನ್ನುವವರಿಗೆ 2025ರ ಮಾರ್ಚ್‌ನಲ್ಲಿ ಪಂಜಾಬಿನ ಸಂಗ್ರೂರಿನಲ್ಲಿ ನಡೆದದ್ದನ್ನು ನೆನಪಿಸಬೇಕು. ದೇವಸ್ಥಾನವೊಂದರಲ್ಲಿ ಬೋಳುತಲೆಗೆ ಉಚಿತ ಶಿಬಿರ ನಡೆಯಿತು. ಎಣ್ಣೆ ಹಚ್ಚಿಸಿಕೊಂಡು ತಲೆ ತೊಳೆದವರಲ್ಲಿ 60ಕ್ಕೂ ಹೆಚ್ಚು ಮಂದಿ ಕಣ್ಣು ಉರಿದು, ಊದಿಕೊಂಡು ಆಸ್ಪತ್ರೆ ಸೇರಿದರು. 2016ರಲ್ಲಿ ಚೆನ್ನೈಯಲ್ಲಿ ಕೂದಲು ಕಸಿ ಮಾಡಿಸಿಕೊಳ್ಳಲು ಹೋದ 22 ವರ್ಷದ ಯುವಕನೊಬ್ಬ ತೀರಿಕೊಂಡ. ಅವನು ವೈದ್ಯಕೀಯ ವಿದ್ಯಾರ್ಥಿ! ಡಾಕ್ಟರಾಗಲಿದ್ದವನಿಗೇ ಬೋಳುತಲೆಯ ಭಯ ಅಷ್ಟಿದ್ದರೆ ನಮ್ಮ ಹತ್ತನೇ ತರಗತಿಯ ಹುಡುಗನ ಪಾಡೇನು?

ಈ ಭಯವನ್ನು ಹುಟ್ಟಿಸಿದ್ದು ಕಂಪನಿಗಳು ಮಾತ್ರ ಎಂದರೆ ನಾವು ಸುಲಭವಾಗಿ ಪಾರಾಗುತ್ತೇವೆ. ಕಂಪನಿ ಬರುವ ಮೊದಲೇ ನಮ್ಮ ನಾಲಗೆ ಇತ್ತು. ಕನ್ನಡದಲ್ಲಿ ದಿನಕ್ಕೆ ಸಾವಿರ ಸಲ ಉದುರುವ ಬೈಗುಳ ಯಾವುದು? ಬೋಳಿಮಗ. ಯಾರು ಆ ಬೋಳಿ? ಗಂಡ ಸತ್ತನೆಂಬ ಕಾರಣಕ್ಕೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮೂಲೆಯಲ್ಲಿ ಕೂರಿಸಿದ ಹೆಣ್ಣು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'ನನ್ನು ಓದಿ ಕಣ್ಣೀರು ಹಾಕಿದ ನಾಡು ಆ ಬೈಗುಳವನ್ನು ಬಿಡಲಿಲ್ಲ. ನಮ್ಮ ಮುಸ್ಲಿಮರ ಮನೆಗಳಲ್ಲಿ ವಿಧವೆಯ ತಲೆ ಬೋಳಿಸುವ ಪದ್ಧತಿ ಇರಲಿಲ್ಲವೆಂದು ನಾವು ಬೀಗುವಂತಿಲ್ಲ. ಬೈಗುಳವನ್ನು ನಾವೂ ಧಾರಾಳವಾಗಿ ಬಳಸುತ್ತೇವೆ. ದಖನಿ ಮಾತಿನವರಿಗೆ 'ಟಕ್ಲಾ' ಇದೆ, ಕರಾವಳಿಯವರಿಗೆ 'ಮೊಟ್ಟೆ' ಇದೆ. ಹಜ್ ಮುಗಿಸಿ ತಲೆ ಬೋಳಿಸಿಕೊಂಡು ಬಂದವರ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ತಿರುಪತಿಗೆ ಮುಡಿ ಕೊಟ್ಟು ಬಂದವರ ಪ್ರಸಾದಕ್ಕೆ ಪಕ್ಕದ ಮನೆಯವರು ಕಾಯುತ್ತಾರೆ. ಕೊಡದೆಯೇ ಹೋದ ಕೂದಲಿಗೆ ಮಾತ್ರ ಈ ನಗೆ.

2017ರಲ್ಲಿ ಮಂಗಳೂರಿನಿಂದ ಬಂದ 'ಒಂದು ಮೊಟ್ಟೆಯ ಕಥೆ' ಸಿನಿಮಾ ಬೊಕ್ಕತಲೆಯ ಕನ್ನಡ ಮೇಷ್ಟ್ರೊಬ್ಬರ ಹೆಣ್ಣು ಹುಡುಕಾಟವನ್ನು ತೋರಿಸಿತು. ಜನ ನಕ್ಕರು, ಅವರ ಜೊತೆ ನಕ್ಕರು, ಅದು ಒಳ್ಳೆಯದೇ. ಆದರೆ ಆ ಮೇಷ್ಟ್ರಿಗೆ ಸಂಬಳ ಇತ್ತು, ಮಾತಿತ್ತು, ತನ್ನನ್ನು ತಾನೇ ತಮಾಷೆ ಮಾಡಿಕೊಳ್ಳುವ ವಯಸ್ಸಿತ್ತು. ಹದಿನಾಲ್ಕರ ಹುಡುಗನಿಗೆ ಇವಾವುವೂ ಇಲ್ಲ. ಅವನಿಗಿರುವುದು ಹಿಂದಿನ ಬೆಂಚು ಮಾತ್ರ. ಹಿಂದೆ ಯಾರೂ ಕೂರಬಾರದು ನೋಡಿ, ಅದಕ್ಕೆ.

ಇನ್ನು ಹೆಣ್ಣುಮಕ್ಕಳ ವಿಷಯ. "ನಿನಗೇನು ಚಿಂತೆ, ತಲೆಯ ಮೇಲೆ ಬಟ್ಟೆ ಇದೆಯಲ್ಲ" ಎಂದು ನಮ್ಮವರು ಸಮಾಧಾನ ಹೇಳುವುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಇದಕ್ಕಿಂತ ಕ್ರೂರವಾದ ಸಮಾಧಾನ ಇನ್ನೊಂದಿಲ್ಲ. ಶಿರವಸ್ತ್ರ ಹೊರಗಿನ ಗಂಡಸರ ಕಣ್ಣಿಗೆ. ಈ ಹುಡುಗಿಯ ತೀರ್ಪು ನಡೆಯುವುದು ಒಳಗೆ, ಹೆಂಗಸರ ನಡುವೆ. ಮದರಂಗಿ ರಾತ್ರಿಯಲ್ಲಿ ಎಲ್ಲ ಹುಡುಗಿಯರೂ ಬಟ್ಟೆ ತೆಗೆದಿಟ್ಟು ಜಡೆ ಬಿಟ್ಟುಕೊಂಡು ಕೂತಿರುವಾಗ ಇವಳೊಬ್ಬಳೇ ಬಿಗಿದುಕೊಂಡು ಕೂತಿರಬೇಕು. ತಟ್ಟೆಯಲ್ಲಿ ಮಲ್ಲಿಗೆ ಬಂದಾಗ "ನನಗೆ ತಲೆನೋವು" ಎನ್ನಬೇಕು. ಹೆಣ್ಣು ನೋಡಲು ಬಂದ ಅತ್ತೆಯಾಗುವವಳು ಪ್ರೀತಿ ತೋರಿಸುವ ನೆಪದಲ್ಲಿ ತಲೆ ಸವರಿ ಜಡೆಯ ದಪ್ಪ ಅಳೆಯುತ್ತಾಳೆ. ಅದು ಪ್ರೀತಿಯಲ್ಲ, ತನಿಖೆ ಎಂದು ಅಲ್ಲಿರುವ ಎಲ್ಲ ಹೆಂಗಸರಿಗೂ ಗೊತ್ತು, ಏಕೆಂದರೆ ಅವರೆಲ್ಲರ ಜಡೆಯನ್ನೂ ಒಮ್ಮೆ ಯಾರೋ ಹೀಗೆ ಅಳೆದಿದ್ದಾರೆ.

ಹಾಗಿದ್ದರೆ ವಿಗ್ ಹಾಕಿಕೊಳ್ಳಲಿ ಎಂದರೆ "ನಿಷಿದ್ಧ" ಎಂದು ತಕ್ಷಣ ಉತ್ತರ ಬರುತ್ತದೆ. ಕೂದಲಿಗೆ ಕೂದಲು ಜೋಡಿಸಿ ಮೋಸ ಮಾಡುವುದನ್ನು ಹದೀಸ್‌ಗಳು ಖಂಡಿಸಿವೆ ಎಂಬುದು ನಿಜ. ರೋಗದಿಂದ ಆದ ಕೊರತೆಯನ್ನು ಮುಚ್ಚಿಕೊಳ್ಳುವುದು ಬೇರೆ ಎಂದು ಹೇಳಿದ ವಿದ್ವಾಂಸರೂ ಇದ್ದಾರೆಂಬುದು ಅಷ್ಟೇ ನಿಜ. ಮೊದಲನೆಯದನ್ನು ಮಾತ್ರ ಬಾಯಿಪಾಠ ಮಾಡಿಕೊಂಡವರು ಎರಡನೆಯದನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಬನೀ ಇಸ್ರಾಯೀಲರ ಮೂವರ ಕತೆಯನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಕೇಳಿರುತ್ತಾರೆ: ಒಬ್ಬ ಕುಷ್ಠರೋಗಿ, ಒಬ್ಬ ಬೋಳುತಲೆಯವನು, ಒಬ್ಬ ಕುರುಡ. ನಿನಗೇನು ಬೇಕೆಂದು ಮಲಕ್ ಕೇಳಿದಾಗ ಬೋಳುತಲೆಯವನು ಒಳ್ಳೆಯ ಕೂದಲು ಬೇಕೆಂದ, ಜೊತೆಗೆ ಜನ ತನ್ನನ್ನು ಕಂಡು ಹೇಸುತ್ತಾರೆ ಎಂದೂ ಹೇಳಿದ. ಆ ಕತೆಯನ್ನು ಕೃತಘ್ನತೆಯ ಪಾಠಕ್ಕಾಗಿ ನಾವು ಹೇಳುತ್ತಲೇ ಬಂದಿದ್ದೇವೆ. ಹೇಸಿದ ಜನ ಯಾರೆಂದು ಯಾವ ಮಗುವೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಲಿನ ಹಳ್ಳಿಗಳಲ್ಲಿ ಆದದ್ದನ್ನು ಇಲ್ಲಿ ಹೇಳಲೇಬೇಕು. 2024ರ ಡಿಸೆಂಬರಿನಿಂದ 2025ರ ಜನವರಿಯ ತನಕ ಅಲ್ಲಿನ 18 ಹಳ್ಳಿಗಳಲ್ಲಿ 279 ಜನರ ಕೂದಲು ದಿನಗಳ ಅಂತರದಲ್ಲಿ ಉದುರಿಹೋಯಿತು. ಅವರಲ್ಲಿ ಕಾಲೇಜಿಗೆ ಹೋಗುವವರು, ಎಳೆಯ ಹೆಣ್ಣುಮಕ್ಕಳು ಬಹಳ ಮಂದಿ ಇದ್ದರು. ಎಷ್ಟೋ ಮಂದಿ ಅವಮಾನ ತಾಳಲಾರದೆ ಉಳಿದ ಕೂದಲನ್ನೂ ಬೋಳಿಸಿಕೊಂಡರು, ಮದುವೆಯ ಮಾತುಕತೆಗಳು ನಿಂತವು. ಮೊದಲು ಶಾಂಪೂ ಎಂದರು, ಆಮೇಲೆ ನೀರು ಎಂದರು, ಶಿಲೀಂಧ್ರ ಎಂದರು. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅಲ್ಲಿಗೆ ಹೋಗಿ ರಕ್ತ, ಕೂದಲು, ಗೋಧಿ ಎಲ್ಲವನ್ನೂ ಪರೀಕ್ಷೆ ಮಾಡಿಸಿದರು. ರೇಷನ್ ಅಂಗಡಿಯಿಂದ ಬಂದ ಗೋಧಿಯಲ್ಲಿ ಸೆಲೆನಿಯಂ ಅಂಶ ಆ ಊರಲ್ಲೇ ಬೆಳೆದ ಗೋಧಿಗಿಂತ ಸುಮಾರು 600 ಪಟ್ಟು ಇತ್ತೆಂಬುದು ಅವರ ವರದಿ. ಒಬ್ಬೊಬ್ಬರಾಗಿ ನಾಚಿಕೊಂಡು ಮನೆಯೊಳಗೆ ಕೂತಿದ್ದರೆ ಇದು ಎಂದಾದರೂ ಹೊರಬೀಳುತ್ತಿತ್ತೇ? ನೂರಾರು ಜನಕ್ಕೆ ಒಟ್ಟಿಗೆ ಆದದ್ದರಿಂದ ಅದು ಸುದ್ದಿಯಾಯಿತು. ಒಂದು ಮನೆಯ ಒಂದು ಮಗುವಿಗೆ ಆದರೆ ಅದು ಆ ಮಗುವಿನ ಹಣೆಬರಹ.

ತಟ್ಟೆಯ ವಿಷಯ ಬಂದದ್ದರಿಂದ ನಮ್ಮ ರಾಜ್ಯದ ತಟ್ಟೆಯನ್ನೂ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಕಬ್ಬಿಣ, ಪ್ರೋಟೀನು ಕಡಿಮೆಯಾದಾಗ ದೇಹ ಮೊದಲು ಕೈಬಿಡುವುದರಲ್ಲಿ ಕೂದಲೂ ಒಂದು. ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು 2021ರಲ್ಲಿ ಸರಕಾರ ಮುಂದಾದಾಗ ವಿರೋಧಿಸಿ ಗದ್ದಲ ಎಬ್ಬಿಸಿದವರನ್ನು ನಾವು ಮರೆತಿಲ್ಲ. ತಟ್ಟೆಯ ಮೊಟ್ಟೆಯನ್ನು ತೆಗೆಯಹೊರಟ ನಾಡಿನಲ್ಲಿ ತಲೆಗೆ ಮೊಟ್ಟೆ ಎಂದು ಹೆಸರಿಡುವುದಕ್ಕೆ ಯಾರ ವಿರೋಧವೂ ಇಲ್ಲ!

ಒಂದು ಕಡೆ ವಿಜ್ಞಾನ ಸುಮ್ಮನೆ ಕೂತಿಲ್ಲ. 12 ವರ್ಷ ದಾಟಿದ ಮಕ್ಕಳಲ್ಲಿ ತೀವ್ರ ಸ್ವರೂಪದ ಅಲೊಪೇಸಿಯಾ ಏರಿಯೇಟಾಕ್ಕೆಂದು ರಿಟ್ಲೆಸಿಟಿನಿಬ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಡವರ ಕೈಗೆಟುಕುವ ಬೆಲೆಯದಲ್ಲ, ಎಲ್ಲರಿಗೂ ಬೇಕಾದದ್ದೂ ಅಲ್ಲ. ನಮ್ಮಲ್ಲಿ ಹೆಚ್ಚಿನ ಮಕ್ಕಳಿಗೆ ಬೇಕಾದದ್ದು ಅದಕ್ಕಿಂತ ಬಹಳ ಅಗ್ಗದ್ದು: ಸರಕಾರಿ ಆಸ್ಪತ್ರೆಯ ಹೊರರೋಗಿ ಚೀಟಿ, ಒಂದು ರಕ್ತ ಪರೀಕ್ಷೆ, ಒಬ್ಬ ಚರ್ಮದ ಡಾಕ್ಟರ ಐದು ನಿಮಿಷ. ಶಾಲೆಗೇ ಬಂದು 18 ವರ್ಷದೊಳಗಿನ ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಹದಿಹರೆಯದವರ ಮಾತು ಕೇಳುವುದಕ್ಕೆಂದೇ ಸರಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇದೆ. ಆ ಬಾಗಿಲು ಎಲ್ಲಿದೆಯೆಂದು ಎಷ್ಟು ಮಂದಿ ತಂದೆತಾಯಿಯರಿಗೆ ಗೊತ್ತು? ಎಣ್ಣೆ ಸಿಗುವ ಅಂಗಡಿ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತು. ಟೊಪ್ಪಿಯನ್ನೋ ಬಟ್ಟೆಯನ್ನೋ ತೆಗೆ ಎನ್ನುವ ಮೊದಲು ಮಗುವನ್ನು ಸ್ಟಾಫ್ ರೂಮಿಗೆ ಕರೆದು "ಏನಾಯಿತಪ್ಪ?" ಎಂದು ಕೇಳುವುದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ತರಗತಿಯಲ್ಲಿ ಒಂದು ದಿನ, ಒಂದೇ ಒಂದು ಪೀರಿಯಡ್, ಇದು ಅಂಟುರೋಗವಲ್ಲ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರೆ ಹಿಂದಿನ ಬೆಂಚಿನ ಹುಡುಗ ಮುಂದೆ ಬರಬಹುದು.

ನಮ್ಮ ಹುಡುಗನ ಶಾಲೆಯಲ್ಲಿ ಕೊನೆಗೂ ಹಾಗೆಯೇ ಆಯಿತು. ಅವನ ಉಮ್ಮ ಆಸ್ಪತ್ರೆಯ ಚೀಟಿ ಹಿಡಿದು ಹೋಗಿ ಅದೇ ಮೇಷ್ಟ್ರ ಮುಂದೆ ನಿಂತರು. ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿ, ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತಂಗಿಯ ಮಗಳಿಗೂ ಹೀಗೇ ಆಗಿದೆ, ಅವಳು ಕಾಲೇಜು ಬಿಟ್ಟಿದ್ದಾಳೆ ಎಂದರಂತೆ. ಡಾಕ್ಟರ ಹೆಸರು ಬರೆದುಕೊಂಡರಂತೆ.

ಈಗ ಅವನ ಎರಡು ಮಚ್ಚೆಗಳಲ್ಲಿ ಒಂದರಲ್ಲಿ ಕೂದಲು ಬಂದಿದೆ. ಈ ಕಾಯಿಲೆಯಲ್ಲಿ ಎಷ್ಟೋ ಸಲ ಆಗುವಂತೆ ಹೊಸ ಕೂದಲು ಮೊದಲಿಗೆ ಬೆಳ್ಳಗೆ ಬಂದಿದೆ, ಆಮೇಲೆ ಬಣ್ಣ ತಿರುಗುತ್ತದೆಂದು ಡಾಕ್ಟರು ಹೇಳಿದ್ದಾರೆ. ಟೊಪ್ಪಿ ನಮಾಝಿನ ಹೊತ್ತಿಗೆ ಮಾತ್ರ. ಮೊನ್ನೆ ಅವರ ಮನೆಗೆ ಹೋದಾಗ ನೆಂಟರೊಬ್ಬರು ಹುಡುಗನನ್ನು ಬೆಳಕಿಗೆ ತಿರುಗಿಸಿ ಆ ಬಿಳಿ ಕೂದಲನ್ನು ನೋಡುತ್ತಿದ್ದರು. "ಇದಕ್ಕೊಂದು ಒಳ್ಳೆಯ ಎಣ್ಣೆ ಇದೆ" ಎಂದು ಅವರು ಬಾಯಿ ತೆರೆಯುವಷ್ಟರಲ್ಲಿ ಅವನ ಉಮ್ಮ ಚಹಾ ತಂದಿಟ್ಟರು.